ಬ್ಯಾರನ್ನಿನಿಂದ ಬಂದರಿನವರೆಗೆ: ಹೊಗೆಸೊಪ್ಪಿನ ದೂರದ ದಾರಿ ಮತ್ತು ಬೆಳೆಗಾರನ ಲೆಕ್ಕ

(ಹುಣಸೂರಿನಲ್ಲಿ ನಡೆದ ಹೊಗೆಸೊಪ್ಪು ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಭತ್ತ, ರಾಗಿ, ಮುಸುಕಿನ ಜೋಳ, ಹತ್ತಿ, ಶುಂಠಿ ಮುಂತಾದ ಅನೇಕ ಬೆಳೆಗಳಿವೆ. ಆದರೆ ವರ್ಜೀನಿಯಾ ಹೊಗೆಸೊಪ್ಪಿನಷ್ಟು ದೂರ ಪ್ರಯಾಣ ಮಾಡುವ ಬೆಳೆ ನಮ್ಮಲ್ಲಿ ಇನ್ನೊಂದಿಲ್ಲ. ನಾವು ಬೆಳೆದ ರಾಗಿ ಹೆಚ್ಚೆಂದರೆ ಬೆಂಗಳೂರಿಗೆ ಹೋದೀತು. ನಮ್ಮ ಸೊಪ್ಪಿನ ಹೆಚ್ಚಿನ ಪಾಲು ಸಮುದ್ರ ದಾಟುತ್ತದೆ. ಆದುದರಿಂದ ದೂರದ ಯಾವುದೋ ಕಾಲುವೆಯಲ್ಲಿ ಹಡಗು ಸಿಕ್ಕಿಕೊಂಡರೆ, ಯಾವುದೋ ದೇಶದಲ್ಲಿ ಡಾಲರಿಗೆ ಅಭಾವ ಬಂದರೆ, ಅದರ ಬಿಸಿ ಕಟ್ಟೆಮಳಲವಾಡಿಯ ಹರಾಜು ಕಟ್ಟೆಗೂ ತಟ್ಟುತ್ತದೆ. ಈ ಬಿಸಿ ಹೇಗೆ ತಟ್ಟುತ್ತದೆ, ಎಷ್ಟು ತಟ್ಟುತ್ತದೆ, ಅದರಲ್ಲಿ ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂಬುದನ್ನು ಇಂದು ವಿಚಾರ ಮಾಡೋಣ.

ಸೊಪ್ಪು ಹೋಗುವ ದಾರಿ

ಬ್ಯಾರನ್ನಿನಲ್ಲಿ ಹದ ಮಾಡಿದ ಸೊಪ್ಪನ್ನು ನೀವು ವಿಂಗಡಿಸಿ, ಬೇಲು ಕಟ್ಟಿ, ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ತರುತ್ತೀರಿ. 1975ರ ಕಾಯಿದೆಯಂತೆ 1976ರ ಜನವರಿ 1ರಂದು ಈ ಮಂಡಳಿ ಸ್ಥಾಪನೆಯಾಯಿತು. ಹರಾಜು ಪದ್ಧತಿ ಮೊದಲು ಆರಂಭವಾದದ್ದು ನಮ್ಮ ಕರ್ನಾಟಕದಲ್ಲಿ, 1984ರಲ್ಲಿ. ಆಂಧ್ರದಲ್ಲಿ ಅದರ ಮರುವರ್ಷ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಹಾಸನ ಜಿಲ್ಲೆಯ ರಾಮನಾಥಪುರ ಈ ಹರಾಜು ಕೇಂದ್ರಗಳು ನಿಮಗೆಲ್ಲ ಚಿರಪರಿಚಿತ.

ಹರಾಜಿನಲ್ಲಿ ಬೇಲು ಮಾರಿದೊಡನೆ ನಮ್ಮ ಕೆಲಸ ಮುಗಿಯಿತೆಂದು ನಾವು ಭಾವಿಸುತ್ತೇವೆ. ಸೊಪ್ಪಿನ ಪ್ರಯಾಣ ಆರಂಭವಾಗುವುದೇ ಅಲ್ಲಿಂದ. ಲಾರಿ ಏರಿದ ಬೇಲುಗಳು ಕಾರ್ಖಾನೆಗೆ ಹೋಗುತ್ತವೆ. ಅಲ್ಲಿ ನಡುದಂಟನ್ನೂ ಎಲೆಯ ಭಾಗವನ್ನೂ ಬೇರ್ಪಡಿಸಿ, ಮತ್ತೆ ಒಣಗಿಸಿ, ತೇವಾಂಶವನ್ನು ಶೇಕಡ 12ರ ಆಸುಪಾಸಿಗೆ ತಂದು, ಸುಮಾರು 200 ಕಿಲೋ ಹಿಡಿಯುವ ರಟ್ಟಿನ ಪೆಟ್ಟಿಗೆಗಳಲ್ಲಿ ಒತ್ತಿ ತುಂಬುತ್ತಾರೆ. ದಾಸ್ತಾನಿನ ಹುಳು ಬೀಳದಂತೆ ಅನಿಲದ ಹೊಗೆ ಕೊಡುತ್ತಾರೆ. 40 ಅಡಿ ಉದ್ದದ ಒಂದು ಕಂಟೈನರಿಗೆ ಇಂತಹ 99 ಪೆಟ್ಟಿಗೆಗಳು, ಎಂದರೆ ಹೆಚ್ಚು ಕಡಿಮೆ 20 ಟನ್ ಸರಕು ಹಿಡಿಯುತ್ತದೆ. ಈ ಕಂಟೈನರುಗಳು ಚೆನ್ನೈನಂತಹ ಬಂದರಿಗೆ ಹೋಗಿ, ಹಲವು ಸಲ ಕೊಲಂಬೊದಂತಹ ದೊಡ್ಡ ಬಂದರಿನಲ್ಲಿ ಹಡಗು ಬದಲಾಯಿಸಿ, ಕೆಂಪು ಸಮುದ್ರ, ಸೂಯೆಜ್ ಕಾಲುವೆಯ ಮೂಲಕ ಯೂರೋಪನ್ನು ಸೇರುತ್ತವೆ. ಬೆಲ್ಜಿಯಂ ದೇಶ ನಮ್ಮ ಸೊಪ್ಪಿನ ದೊಡ್ಡ ಗಿರಾಕಿ. ಅಲ್ಲಿನ ಆಂಟ್‌ವರ್ಪ್ ಬಂದರಿನ ಉಗ್ರಾಣಗಳಿಂದ ಸರಕು ಬೇರೆ ದೇಶಗಳಿಗೆ ಹಂಚಿಹೋಗುತ್ತದೆ. ಅಲ್ಲಿಗೆ ಮುಟ್ಟಿದ ಮೇಲೂ ಸೊಪ್ಪು ಒಂದೆರಡು ವರ್ಷ ಉಗ್ರಾಣದಲ್ಲಿ ಪಕ್ವವಾದ ನಂತರವೇ ಬಳಕೆಗೆ ಬರುವುದು ವಾಡಿಕೆ.

ಇದರಿಂದ ತಿಳಿದುಬರುವುದೇನೆಂದರೆ, ನೀವು ಮಾರ್ಚಿಯಲ್ಲಿ ಸಸಿಮಡಿಗೆ ಬೀಜ ಹಾಕುವಾಗ ಎರಡು ವರ್ಷ ಮುಂದಿನ ಮಾರುಕಟ್ಟೆಗಾಗಿ ಬೀಜ ಹಾಕುತ್ತಿದ್ದೀರಿ. ಇಷ್ಟು ಉದ್ದದ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ಅಪಾಯವೇ.

ದಾರಿಯಲ್ಲಿ ಬಂದ ಅಡಚಣೆಗಳು

ಕಳೆದ ಕೆಲವು ವರ್ಷಗಳಲ್ಲಿ ನಡೆದ ಸಂಗತಿಗಳನ್ನು ಗಮನಿಸಿ.

2020ರಲ್ಲಿ ಕೋವಿಡ್ ಬಂದಾಗ ಬಂದರುಗಳಲ್ಲಿ ಕೆಲಸ ನಿಂತಿತು. ಖಾಲಿ ಕಂಟೈನರುಗಳು ಬೇಡದ ಕಡೆ ರಾಶಿ ಬಿದ್ದು, ಬೇಕಾದ ಕಡೆ ಸಿಗದೆ ಹೋದವು. ಪ್ರಪಂಚದ ಮುಖ್ಯ ಮಾರ್ಗಗಳಲ್ಲಿ 40 ಅಡಿ ಕಂಟೈನರಿನ ಬಾಡಿಗೆ ಮೊದಲು ಸರಾಸರಿ 2,000 ಡಾಲರಿಗಿಂತ ಕಡಿಮೆಯಿದ್ದದ್ದು 2021ರ ಸೆಪ್ಟೆಂಬರ್ ವೇಳೆಗೆ 10,000 ಡಾಲರನ್ನು ದಾಟಿತು. ಅದೇ ವರ್ಷ ಮಾರ್ಚ್ 23ರಂದು 400 ಮೀಟರ್ ಉದ್ದದ ‘ಎವರ್ ಗಿವನ್’ ಎಂಬ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು, 29ರವರೆಗೆ ಆ ದಾರಿಯನ್ನೇ ಮುಚ್ಚಿತು. ಗಾಡಿ ಅಡ್ಡ ನಿಂತರೆ ಸಂತೆಯ ದಾರಿಯಲ್ಲಿ ಏನಾಗುತ್ತದೆಯೋ ಅದೇ ಆಯಿತು. ನೂರಾರು ಹಡಗುಗಳು ಎರಡೂ ಕಡೆ ಕಾದು ನಿಂತವು.

2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾಯಿತು. ದೊಡ್ಡ ಹಡಗು ಕಂಪನಿಗಳು ಆ ದಾರಿಯನ್ನು ಬಿಟ್ಟು, ಇಡೀ ಆಫ್ರಿಕಾ ಖಂಡವನ್ನು ಸುತ್ತಿಕೊಂಡು ಹೋಗತೊಡಗಿದವು. ಇದರಿಂದ ಯೂರೋಪಿನ ಪ್ರಯಾಣಕ್ಕೆ 10ರಿಂದ 14 ದಿನ ಹೆಚ್ಚಾಯಿತು. 2024ರ ಮಧ್ಯಭಾಗದಲ್ಲಿ ಕಂಟೈನರ್ ಬಾಡಿಗೆ ಮತ್ತೆ 5,000 ಡಾಲರನ್ನು ಮೀರಿತು. ಇದರ ನಡುವೆ 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದು ಚೆನ್ನೈ ಬಂದರಿನ ಕೆಲಸ ನಿಂತಿತು. ಅದು ನಮ್ಮಲ್ಲಿ ಹರಾಜು ನಡೆಯುವ ಕಾಲ ಎಂಬುದನ್ನು ಮರೆಯಬಾರದು.

ಎಲ್ಲ ಅಡಚಣೆಗಳೂ ನೀರಿನ ಮೇಲೆಯೇ ಬರುವುದಿಲ್ಲ. ಈಜಿಪ್ಟ್ ದೇಶ ನಮ್ಮ ಸೊಪ್ಪನ್ನು ಕೊಳ್ಳುವ ದೇಶಗಳಲ್ಲೊಂದು. ತನ್ನ ನೆಲದಲ್ಲಿ ಈ ಬೆಳೆಯನ್ನು ಬಹಳ ಹಿಂದೆಯೇ ನಿಷೇಧಿಸಿದ್ದರಿಂದ ಅದು ಸೊಪ್ಪನ್ನು ಹೊರಗಿನಿಂದಲೇ ತರಿಸಬೇಕು. 2022 ಮತ್ತು 2023ರಲ್ಲಿ ಅಲ್ಲಿ ಡಾಲರಿನ ಅಭಾವ ತೀವ್ರವಾಗಿ, ಅವರ ಹಣದ ಬೆಲೆ ಮತ್ತೆ ಮತ್ತೆ ಕುಸಿಯಿತು. ಗಿರಾಕಿಗೆ ಸರಕು ಬೇಕು, ಕೊಡಲು ಡಾಲರಿಲ್ಲ. 2022ರ ಫೆಬ್ರವರಿಯಲ್ಲಿ ರಷ್ಯಾ–ಉಕ್ರೇನ್ ಯುದ್ಧ ಆರಂಭವಾದಾಗ ರಷ್ಯಾದೊಡನೆ ಬ್ಯಾಂಕ್ ವ್ಯವಹಾರಕ್ಕೂ ಇಂತಹುದೇ ತೊಡಕು ಬಂತು. ಹಡಗಿದ್ದರೂ ಹಣ ಹರಿಯದಿದ್ದರೆ ಸರಪಳಿ ಅಲ್ಲಿಗೇ ನಿಲ್ಲುತ್ತದೆ.

ಹಡಗಿನ ಬಾಡಿಗೆಯ ಭಾರ ಎಷ್ಟು?

“ಹಡಗಿನ ಬಾಡಿಗೆ ಏರಿದೆ, ಅದಕ್ಕೇ ಬೆಲೆ ಇಲ್ಲ” ಎಂಬ ಮಾತನ್ನು ನಾವು ಹರಾಜು ಕಟ್ಟೆಯಲ್ಲಿ ಕೇಳುತ್ತೇವೆ. ಈ ಮಾತಿನಲ್ಲಿ ನಿಜವೆಷ್ಟಿದೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ನೋಡಬಹುದು. ಇಲ್ಲಿನ ಅಂಕಿಗಳು ಉದಾಹರಣೆಗಾಗಿ ಮಾತ್ರ.

ಒಂದು ಕಂಟೈನರಿನ ಬಾಡಿಗೆ 1 ಲಕ್ಷ ರೂಪಾಯಿ ಏರಿತೆಂದು ಇಟ್ಟುಕೊಳ್ಳಿ. ಅದರಲ್ಲಿರುವುದು 19,800 ಕಿಲೋ. ಎಂದರೆ ಕಿಲೋ ಒಂದಕ್ಕೆ ಬೀಳುವ ಹೆಚ್ಚಿನ ಭಾರ ಸುಮಾರು 5 ರೂಪಾಯಿ. ಹಡಗು 14 ದಿನ ತಡವಾಗಿ ಹೋಯಿತೆನ್ನಿ. ಕಿಲೋಗೆ 250 ರೂಪಾಯಿ ಬೆಲೆಯ ಸರಕಿನ ಮೇಲೆ ಶೇಕಡ 12ರ ಬಡ್ಡಿಯಂತೆ 14 ದಿನಕ್ಕೆ ಒಂದು ರೂಪಾಯಿ ಹದಿನೈದು ಪೈಸೆಯಷ್ಟಾಗುತ್ತದೆ. ಎರಡೂ ಸೇರಿ ಸುಮಾರು 6 ರೂಪಾಯಿ. 1,500 ಕಿಲೋ ಮಾರುವ ರೈತನ ಮೇಲೆ ಇಡೀ ಭಾರವನ್ನು ಹೊರಿಸಿದರೂ 9,000 ರೂಪಾಯಿಗಳ ಸುಮಾರಿಗೆ ನಿಲ್ಲುತ್ತದೆ.

ಈಗ ಇನ್ನೊಂದು ಲೆಕ್ಕ. ಅದೇ ರೈತನ 1,500 ಕಿಲೋದಲ್ಲಿ 300 ಕಿಲೋ, ಹದ ತಪ್ಪಿಯೋ ವಿಂಗಡಣೆ ಸರಿಯಿಲ್ಲದೆಯೋ ಮಧ್ಯಮ ದರ್ಜೆಯಿಂದ ಕೆಳ ದರ್ಜೆಗೆ ಇಳಿಯಿತೆನ್ನಿ. ಎರಡು ದರ್ಜೆಗಳ ನಡುವೆ ಕಿಲೋಗೆ 60 ರೂಪಾಯಿ ವ್ಯತ್ಯಾಸವಿದ್ದರೆ ನಷ್ಟ 18,000 ರೂಪಾಯಿ. ಸಮುದ್ರದಿಂದ ಬಂದ ನಷ್ಟದ ಎರಡರಷ್ಟು ನಷ್ಟ ನಮ್ಮ ಬ್ಯಾರನ್ನಿನಲ್ಲಿ, ವಿಂಗಡಿಸುವ ಕೊಟ್ಟಿಗೆಯಲ್ಲಿ ಆಯಿತು!

ಹಾಗಾದರೆ ಸಮುದ್ರದ ತೊಂದರೆ ನಮಗೆ ತಟ್ಟುವುದಿಲ್ಲವೇ? ತಟ್ಟುತ್ತದೆ, ಆದರೆ ಬಾಡಿಗೆಯ ರೂಪದಲ್ಲಲ್ಲ, ಹಿಂಜರಿಕೆಯ ರೂಪದಲ್ಲಿ. ಹಿಂದಿನ ವರ್ಷದ ಸರಕು ದಾರಿಯಲ್ಲೇ ಇದ್ದರೆ, ಹಣ ಬರುವುದು ತಡವಾದರೆ, ರಫ್ತುದಾರ ಹೊಸ ಸರಕಿಗೆ ಕೈ ಹಾಕಲು ಅನುಮಾನಿಸುತ್ತಾನೆ. ಆಗಲೂ ಒಳ್ಳೆಯ ಬಣ್ಣದ, ಪಕ್ವವಾದ ಸೊಪ್ಪನ್ನು ಅವನು ಬಿಡುವುದಿಲ್ಲ. ಮೊದಲು ಕೈಬಿಡುವುದು ಕೆಳ ದರ್ಜೆಯನ್ನು. ಕೂಗುವವರಿಲ್ಲದೆ ಬೇಲು ವಾಪಸು ಬರುವುದು, ಮತ್ತೆ ಲಾರಿ ಬಾಡಿಗೆ ತೆತ್ತು ಮತ್ತೊಮ್ಮೆ ತರುವುದು, ಇವೆಲ್ಲ ಆಗುವುದು ಆ ಸೊಪ್ಪಿಗೇ. ದೂರದ ಬಿರುಗಾಳಿಗೆ ಮೊದಲು ಉರುಳುವುದು ಬೇರು ಸಡಿಲವಾದ ಗಿಡ.

ಬರುವ ಸರಕಿಗೂ ಅಪಾಯ

ಸರಪಳಿ ಎಂದರೆ ನಾವು ಕಳುಹಿಸುವುದು ಮಾತ್ರವಲ್ಲ, ನಮಗೆ ಬರುವುದೂ ಸೇರಿತು. ಹೊಗೆಸೊಪ್ಪಿಗೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹಾಕಬಾರದೆಂಬುದು ನಿಮಗೆ ಗೊತ್ತು. ಅದರಲ್ಲಿರುವ ಕ್ಲೋರೈಡ್ ಎಲೆಯನ್ನು ಸೇರಿದರೆ ಸೊಪ್ಪು ಸರಿಯಾಗಿ ಉರಿಯುವುದಿಲ್ಲ, ಕೊಳ್ಳುವವನು ತಿರಸ್ಕರಿಸುತ್ತಾನೆ. ಆದುದರಿಂದ ನಾವು ಸಲ್ಫೇಟ್ ಆಫ್ ಪೊಟ್ಯಾಷನ್ನೇ ಬಳಸಬೇಕು. ಭಾರತ ತನ್ನ ಪೊಟ್ಯಾಷ್ ಅಗತ್ಯಕ್ಕೆ ಆಮದನ್ನೇ ನಂಬಿದೆ. ಪ್ರಪಂಚದ ಪೊಟ್ಯಾಷ್ ವ್ಯಾಪಾರದಲ್ಲಿ ರಷ್ಯಾ ಮತ್ತು ಬೆಲಾರೂಸ್‌ಗಳ ಪಾಲು ಸುಮಾರು ಶೇಕಡ 40 ಇತ್ತು. ಬೆಲಾರೂಸ್ ಮೇಲೆ ನಿರ್ಬಂಧ, ನಂತರ 2022ರ ಯುದ್ಧ, ಅದಕ್ಕೂ ಮೊದಲು 2021ರ ಅಕ್ಟೋಬರಿನಿಂದ ಚೀನಾ ಗೊಬ್ಬರದ ರಫ್ತಿಗೆ ಹಾಕಿದ ತಡೆ, ಇವೆಲ್ಲ ಸೇರಿ ಗೊಬ್ಬರದ ಬೆಲೆಯನ್ನು ಮೇಲಕ್ಕೆತ್ತಿದವು.

ಇಂತಹ ವರ್ಷದಲ್ಲಿ ಇಬ್ಬರು ರೈತರು ಎರಡು ದಾರಿ ಹಿಡಿಯುತ್ತಾರೆ. ಒಬ್ಬನು ಅಗ್ಗವೆಂದು ಮ್ಯೂರಿಯೇಟನ್ನು ತಂದು ಸುರಿಯುತ್ತಾನೆ. ಇದು ಕಾಸಿನ ಉಳಿತಾಯಕ್ಕೆ ಹೋಗಿ ರೂಪಾಯಿಯನ್ನು ಕಳೆದುಕೊಂಡಂತೆ. ಇನ್ನೊಬ್ಬನು ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟನ್ನೇ, ಗಿಡದ ಬುಡಕ್ಕೆ ಗುಳಿಯಲ್ಲಿ ಹಾಕಿ ಮುಚ್ಚುತ್ತಾನೆ. ನಮ್ಮ ಮರಳು ಮಿಶ್ರಿತ ಹಗುರ ಮಣ್ಣಿನಲ್ಲಿ ಮೇಲೆ ಚೆಲ್ಲಿದ ಗೊಬ್ಬರ ಜೂನ್–ಜುಲೈ ಮಳೆಗೆ ಕೊಚ್ಚಿಹೋಗುವುದೇ ಹೆಚ್ಚು. ಕೊಟ್ಟಿಗೆ ಗೊಬ್ಬರ ಮತ್ತು ವಿಭಜಿತ ಕಂತುಗಳಲ್ಲಿ ಸಾರಜನಕ, ಇದು ಹಳೆಯ ಸಲಹೆಯೇ ಆದರೂ ಆಮದು ಕುಸಿದ ವರ್ಷ ಇದರ ಬೆಲೆ ತಿಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ

ದಾಳಿ, ಚಂಡಮಾರುತ, ಬಾಡಿಗೆ ಇವು ಬಂದು ಹೋಗುವಂಥವು. ಅತಿ ಬೆಳೆಯ ಅಪಾಯ ಹಾಗಲ್ಲ. ಅದು ಒಳ್ಳೆಯ ಬೆಲೆಯ ಬೆನ್ನ ಹಿಂದೆಯೇ ಬರುತ್ತದೆ.

ದೇಶದ ವರ್ಜೀನಿಯಾ ಸೊಪ್ಪಿನ ಸರಾಸರಿ ಬೆಲೆ 2019–20ರಲ್ಲಿ ಕಿಲೋಗೆ ಸುಮಾರು 124 ರೂಪಾಯಿ ಇದ್ದದ್ದು 2023–24ರಲ್ಲಿ 280 ರೂಪಾಯಿಯ ಹತ್ತಿರಕ್ಕೆ ಏರಿತು. ಇದಕ್ಕೆ ನಮ್ಮ ಶ್ರಮವೂ ಕಾರಣ. ಆದರೆ ಬೇರೆ ದೇಶಗಳಲ್ಲಿ ಬೆಳೆ ಕಡಿಮೆಯಾದದ್ದೂ ಅಷ್ಟೇ ಕಾರಣ. ಆಫ್ರಿಕಾದ ಜಿಂಬಾಬ್ವೆ ನಮ್ಮ ನೇರ ಸ್ಪರ್ಧಿ. ಅಲ್ಲಿ 2023ರಲ್ಲಿ 29 ಕೋಟಿ ಕಿಲೋ ಮೀರಿದ್ದ ಬೆಳೆ 2024ರ ಬರದಿಂದ 23 ಕೋಟಿ ಕಿಲೋವಿನ ಸುಮಾರಿಗೆ ಇಳಿಯಿತು. ನಮ್ಮಲ್ಲಿ ಬೆಲೆ ಏರಿತು. ಆದರೆ 2025ರಲ್ಲಿ ಅಲ್ಲಿ ಮಳೆ ಚೆನ್ನಾಗಿ ಬಂದು 35 ಕೋಟಿ ಕಿಲೋ ದಾಟಿ ದಾಖಲೆಯ ಬೆಳೆಯಾಯಿತು. ಅಲ್ಲಿನ ರೈತನಿಗೆ ಬಂದ ಮಳೆ ಇಲ್ಲಿನ ರೈತನ ಬೆಲೆಯನ್ನು ಅಲುಗಿಸಬಲ್ಲದು.

2025ರಲ್ಲಿ ಆಂಧ್ರದ ಪ್ರಕಾಶಂ, ಬಾಪಟ್ಲ, ಗುಂಟೂರು ಕಡೆ ಕಪ್ಪು ಬರ್ಲಿ ಜಾತಿಯ ಸೊಪ್ಪನ್ನು ಬೆಳೆದವರ ಸ್ಥಿತಿಯನ್ನು ನೋಡಿ. ಹಿಂದಿನ ವರ್ಷದ ಬೆಲೆ ಕಂಡು ಎಕರೆಗಟ್ಟಲೆ ಹೆಚ್ಚಾಗಿ ಹಾಕಿದರು. ಕಂಪನಿಗಳು ಕೊಳ್ಳಲು ಮುಂದೆ ಬರಲಿಲ್ಲ. ಕೊನೆಗೆ ಅಲ್ಲಿನ ಸರ್ಕಾರವೇ ಮಾರ್ಕ್‌ಫೆಡ್ ಮೂಲಕ ಖರೀದಿಗೆ ಇಳಿಯಬೇಕಾಯಿತು. ನಮ್ಮ ವರ್ಜೀನಿಯಾಕ್ಕೆ ಮಂಡಳಿಯ ಪರವಾನಗಿ ಮತ್ತು ನಿಗದಿತ ಪ್ರಮಾಣವೆಂಬ ಬೇಲಿ ಇದೆ. ಬೇಲಿಯನ್ನು ನಾವೇ ಹಾರಿದರೆ ಅದರ ರಕ್ಷಣೆಯೂ ಇಲ್ಲ. ಕೆಲವು ವರ್ಷ ಹೆಚ್ಚುವರಿ ಸೊಪ್ಪಿನ ಮೇಲಿನ ದಂಡವನ್ನು ಸರ್ಕಾರ ಮನ್ನಾ ಮಾಡಿದ್ದುಂಟು. ಆದರೆ ಮನ್ನಾ ಬರುತ್ತದೆಂದು ನಂಬಿ ಸಾಲ ಮಾಡಿ ಹೆಚ್ಚು ನಾಟಿ ಮಾಡುವುದು, ಮೋಡ ನೋಡಿ ಮಡಕೆಯ ನೀರು ಚೆಲ್ಲಿದಂತೆ.

ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಹೊಗೆಸೊಪ್ಪಿನ ಬಳಕೆ ಆರೋಗ್ಯಕ್ಕೆ ಹಾನಿಕರವೆಂಬುದರಲ್ಲಿ ಎರಡು ಮಾತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. 2005ರಿಂದ ಅದು ಜಾರಿಯಲ್ಲಿದೆ. ಇದರ ದಿಕ್ಕು ಬಳಕೆಯನ್ನು ಕಡಿಮೆ ಮಾಡುವ ಕಡೆಗೆ. ನಮ್ಮ ಮಕ್ಕಳು ಇದೇ ಬೆಳೆಯನ್ನು ಇಷ್ಟೇ ಪ್ರಮಾಣದಲ್ಲಿ ಬೆಳೆಯುತ್ತಾರೆಂದು ಭಾವಿಸಿ ಹೊಸ ಬ್ಯಾರನ್ನಿಗೆ ದೊಡ್ಡ ಸಾಲ ಮಾಡುವುದು ವಿವೇಕವಲ್ಲ.

ನಮ್ಮ ಕೈಯಲ್ಲಿರುವ ಕೆಲಸಗಳು

1. ಸಸಿಮಡಿಯಲ್ಲೇ ಲೆಕ್ಕ ಮಾಡಿ. ಪರವಾನಗಿಯ ಪ್ರಮಾಣಕ್ಕೆ ಎಷ್ಟು ಸಸಿ ಬೇಕೋ ಅಷ್ಟನ್ನೇ, ಸತ್ತ ಸಸಿಗಳಿಗೆ ಬದಲಿ ನೆಡಲು ಸ್ವಲ್ಪ ಹೆಚ್ಚಿಗೆ ಇಟ್ಟು ಬೆಳೆಸಿ. ಉಳಿದ ಸಸಿ ಹಾಳಾಗುತ್ತದೆಂದು ಹೊಲ ಹೆಚ್ಚಿಸುವುದು ಅನೇಕ ಸಾಲಗಳ ಮೂಲ.

2. ನಾಟಿಗೆ ಮೊದಲು ಹೊರಗಿನ ಸುದ್ದಿ ತಿಳಿದುಕೊಳ್ಳಿ. ಬ್ರೆಜಿಲ್ ಮತ್ತು ಜಿಂಬಾಬ್ವೆಗಳಲ್ಲಿ ವರ್ಷದ ಮೊದಲ ಭಾಗದಲ್ಲೇ ಮಾರಾಟ ನಡೆಯುತ್ತದೆ. ನಮ್ಮ ಹರಾಜು ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರಿಗೆ ಆರಂಭ. ಆದುದರಿಂದ ಏಪ್ರಿಲ್–ಮೇ ತಿಂಗಳಲ್ಲಿ ಅಲ್ಲಿನ ಬೆಳೆ ಹೇಗಿದೆಯೆಂದು ಹರಾಜು ಅಧೀಕ್ಷಕರನ್ನೂ ಕ್ಷೇತ್ರ ಸಿಬ್ಬಂದಿಯನ್ನೂ ಕೇಳಿ. ಅಲ್ಲಿ ಬೆಳೆ ಹುಲುಸಾಗಿದ್ದರೆ ಆ ವರ್ಷ ಕೈಸಾಲ ಬೇಡ.

3. ಬಲಿತ ಎಲೆಯನ್ನೇ ಕೀಳಿ. ಬ್ಯಾರನ್ನಿಗೆ ಸೊಪ್ಪು ಸಾಲದೆಂದು ಹಸಿ ಎಲೆಯನ್ನು ಸೇರಿಸಿದರೆ ಇಡೀ ಕಡ್ಡಿಗಳ ಹದ ಕೆಡುತ್ತದೆ. ಕಾಂಡದ ಬುಡ, ನಡು, ತುದಿಯ ಎಲೆಗಳನ್ನು ಬೇರೆ ಬೇರೆಯಾಗಿಯೇ ಹದ ಮಾಡಿ, ಬೇರೆಯಾಗಿಯೇ ವಿಂಗಡಿಸಿ.

4. ಅನ್ಯ ವಸ್ತು ಸೇರದಂತೆ ಎಚ್ಚರ ವಹಿಸಿ. ಪ್ಲಾಸ್ಟಿಕ್ ದಾರ, ಗೊಬ್ಬರ ಚೀಲದ ಎಳೆ, ಕೋಳಿ ಪುಕ್ಕ, ಕಾಗದದ ಚೂರು ಇವು ಪರದೇಶದ ಕಾರ್ಖಾನೆಯಲ್ಲಿ ಸಿಕ್ಕಿದರೆ ಆ ಮಾರಾಟಗಾರನ ಇಡೀ ಸರಕಿನ ಮೇಲೆ ಅನುಮಾನ ಬರುತ್ತದೆ. ಕಟ್ಟಲು ಹತ್ತಿ ಅಥವಾ ಸೆಣಬಿನ ದಾರವನ್ನೇ ಬಳಸಿ. ವಿಂಗಡಿಸುವ ಜಾಗವನ್ನು ಗುಡಿಸಿ, ಕೋಳಿ, ಕುರಿಗಳನ್ನು ದೂರವಿಡಿ. ಈ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳ ಕೈಯಲ್ಲಿದೆ. ಆದುದರಿಂದ ಇಂತಹ ತರಬೇತಿಗೆ ಅವರೂ ಬರಬೇಕು.

5. ಶಿಫಾರಸು ಮಾಡಿದ ಔಷಧಿಯನ್ನು ಮಾತ್ರ ಸಿಂಪಡಿಸಿ, ದಿನಾಂಕ ಮತ್ತು ಪ್ರಮಾಣವನ್ನು ಪುಸ್ತಕದಲ್ಲಿ ಬರೆದಿಡಿ. ಪೀಡೆನಾಶಕದ ಶೇಷವನ್ನು ಕೊಳ್ಳುವವರು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಅಂಗಡಿಯವನ ಮಾತಿಗೆ ಹೆಸರಿಲ್ಲದ ಔಷಧಿ ತರಬೇಡಿ.

6. ತೂಕಕ್ಕಾಗಿ ನೀರು ಚಿಮುಕಿಸಬೇಡಿ. ತೇವ ಹೆಚ್ಚಾದ ಬೇಲು ಒಳಗೇ ಬಿಸಿಯಾಗಿ, ಬಣ್ಣಗೆಟ್ಟು, ಬೂಷ್ಟು ಹಿಡಿಯುತ್ತದೆ. ವಾರಗಟ್ಟಲೆ ಮುಚ್ಚಿದ ಉಗ್ರಾಣದಲ್ಲಿರುವ ಸರಕಿಗೆ ತೇವವೇ ಮೊದಲ ಶತ್ರು.

7. ಸೌದೆ ಉಳಿಸಿ. ಒಂದು ಕಿಲೋ ಸೊಪ್ಪು ಹದ ಮಾಡಲು ಸುಮಾರು 4ರಿಂದ 5 ಕಿಲೋ ಸೌದೆ ಬೇಕು. ಬ್ಯಾರನ್ನಿನ ಮೇಲ್ಛಾವಣಿ ಮತ್ತು ಬಾಗಿಲಿನ ಸಂದುಗಳಿಂದ ಶಾಖ ಸೋರದಂತೆ ಮಾಡಿ. ಬದುಗಳಲ್ಲಿ ಸರ್ವೆ, ಹೆಬ್ಬೇವು ಬೆಳೆಸಿ. ಬೆಲೆ ಇಳಿದ ವರ್ಷ ಉಳಿಯುವವನು ಖರ್ಚು ಕಡಿಮೆ ಇರುವವನೇ.

ಬೇರೆ ಬೆಳೆಗಳ ಮಾತು

ಹೊಗೆಸೊಪ್ಪನ್ನು ಬಿಟ್ಟರೆ ಈ ಅಪಾಯಗಳೆಲ್ಲ ತಪ್ಪುತ್ತವೆಯೇ ಎಂದು ಕೆಲವರು ಕೇಳುತ್ತಾರೆ. ಪೂರ್ಣವಾಗಿ ಇಲ್ಲ. ಕೆ.ಆರ್. ನಗರದ ಭತ್ತದ ಗದ್ದೆಗೂ ಬಂದರಿಗೂ ನಂಟುಂಟು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಲಾಯಿತು. 2024ರ ಸೆಪ್ಟೆಂಬರಿನಲ್ಲಿ ತೆರೆಯಲಾಯಿತು. ಎಚ್.ಡಿ. ಕೋಟೆಯ ಹತ್ತಿಯೂ ಹಾಗೆಯೇ. 2025ರ ಆಗಸ್ಟ್ 19ರಿಂದ ಡಿಸೆಂಬರ್ ಕೊನೆಯವರೆಗೆ ಹತ್ತಿಯ ಮೇಲಿನ ಶೇಕಡ 11ರ ಆಮದು ಸುಂಕವನ್ನು ತೆಗೆಯಲಾಗಿತ್ತು. ಆ ಅವಧಿಯಲ್ಲೇ ನಮ್ಮ ಹತ್ತಿ ಮಾರುಕಟ್ಟೆಗೆ ಬರುತ್ತದೆ. ಶುಂಠಿಯ ಬೆಲೆಯ ಏರಿಳಿತವನ್ನು ನಿಮಗೆ ಹೇಳಬೇಕಾಗಿಲ್ಲ.

ಆದುದರಿಂದ ಒಂದನ್ನು ಬಿಟ್ಟು ಇನ್ನೊಂದಕ್ಕೆ ಇಡೀ ಹೊಲವನ್ನು ಒಪ್ಪಿಸುವುದು ಪರಿಹಾರವಲ್ಲ. ಮೇ ತಿಂಗಳಲ್ಲಿ ನಾಟಿಯಾದ ಹೊಗೆಸೊಪ್ಪಿನ ಹಿಂದೆ ಉಳಿದ ತೇವದಲ್ಲಿ ರಾಗಿ, ಹುರುಳಿ, ಅಲಸಂದೆ ಬೆಳೆಯುವ ನಮ್ಮ ಹಿರಿಯರ ಪದ್ಧತಿ ಮನೆಗೆ ಅನ್ನ, ದನಕ್ಕೆ ಮೇವು ಎರಡನ್ನೂ ಹಡಗಿನ ಹಂಗಿಲ್ಲದೆ ಕೊಡುತ್ತದೆ. ರಾಗಿಯ ಸರದಿಯಿಂದ ಬೇರುಗಂಟು ಮಾಡುವ ಜಂತುಹುಳುವೂ ಕಡಿಮೆಯಾಗುತ್ತದೆ. ಹೊಗೆಸೊಪ್ಪಿನ ನಂತರ ಅದೇ ಹೊಲಕ್ಕೆ ಟೊಮೆಟೊ, ಬದನೆ, ಶುಂಠಿ ತರುವವರು ಈ ಜಂತುಹುಳು ಮತ್ತು ಸೊರಗು ರೋಗಗಳು ಇವೆಲ್ಲಕ್ಕೂ ತಗಲುವಂಥವೆಂದು ತಿಳಿದಿರಬೇಕು. ನೀರಿನ ಅನುಕೂಲವಿರುವವರು ಹೊಲದ ಒಂದು ಭಾಗದಲ್ಲಿ ತೆಂಗು, ಬಾಳೆ ಅಥವಾ ಹಸಿರು ಮೇವು ಹಾಕಿ ಎರಡು ಹಸು ಕಟ್ಟಿಕೊಂಡರೆ ವಾರ ವಾರವೂ ಕೈಗೆ ಕಾಸು ಬರುತ್ತದೆ. ಹರಾಜು ಮಂದವಾದ ತಿಂಗಳಲ್ಲಿ ಬಡ್ಡಿಗೆ ಹಣ ತರುವುದನ್ನು ತಪ್ಪಿಸುವುದು ಈ ಹಾಲಿನ ಕಾಸೇ.

ಬಾಂಧವರೇ, ಸೂಯೆಜ್ ಕಾಲುವೆಯ ಬೀಗದ ಕೈ ನಮ್ಮಲ್ಲಿಲ್ಲ. ಜಿಂಬಾಬ್ವೆಯ ಮಳೆ ನಮ್ಮ ಮಾತು ಕೇಳುವುದಿಲ್ಲ. ಸಸಿಯ ಎಣಿಕೆ, ಎಲೆಯ ಹದ, ಬೇಲಿನ ಶುದ್ಧಿ, ಸಾಲದ ಮಿತಿ, ಈ ನಾಲ್ಕು ಮಾತ್ರ ನಮ್ಮ ಕೈಯಲ್ಲಿವೆ. ಬರುವ ಸಸಿಮಡಿಯ ಕಾಲಕ್ಕೆ ಮುನ್ನ ಪ್ರತಿಯೊಬ್ಬರೂ ಮನೆಯವರೊಡನೆ ಕುಳಿತು, ಕಳೆದ ಹಂಗಾಮಿನ ಹರಾಜು ಚೀಟಿಗಳನ್ನು ಮುಂದಿಟ್ಟುಕೊಂಡು, ಎಷ್ಟು ಕಿಲೋ ಯಾವ ದರ್ಜೆಗೆ ಹೋಯಿತು, ಎಷ್ಟು ಬೇಲು ವಾಪಸು ಬಂತು, ಸೌದೆ ಮತ್ತು ಗೊಬ್ಬರಕ್ಕೆ ಎಷ್ಟು ಖರ್ಚಾಯಿತು ಎಂದು ಬರೆದು ಕೂಡಿಸಿ. ಎಷ್ಟು ನಾಟಿ ಮಾಡಬೇಕೆಂಬುದನ್ನು ಪಕ್ಕದ ಹೊಲ ನೋಡಿ ನಿರ್ಧರಿಸದೆ ಆ ಲೆಕ್ಕ ನೋಡಿ ನಿರ್ಧರಿಸಿ. ಸಂಶಯವಿದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರವನ್ನಾಗಲಿ ಕೇಳಿ.